ಕತ್ತಿ ಅದ್ದಿ ನೋಡಿದ ಮೇಲೆ

ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಕೆಲಸದ ನಡುವೆ ಊರ ಕಡೆಯ ವಾರಪತ್ರಿಕೆಗೆ ಕೃಷಿ ಬಗ್ಗೆ ಬರೆಯುತ್ತೇನೆ. ಮೊದಲ ಲೇಖನವೇ ಕೊಳೆ ಔಷಧಿ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಯದ ಹಾಗೆ ಹೊಡೆಯುವ ಬೋರ್ಡೋ ದ್ರಾವಣದ ಮೇಲೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಲೆಕ್ಕ ಸರಿಯಾಗಿಯೇ ಇತ್ತು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ, ನಾನೂ ಕೇಳಿಯೇ ಬರೆದಿದ್ದೆ. ನಮ್ಮ ತೋಟಕ್ಕೆ ಔಷಧಿ ಕಲೆಸುತ್ತಿದ್ದವರು ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು. ನಾನು ಡ್ರಮ್ಮಿನ ಹತ್ತಿರ ನಿಂತವನೇ ಅಲ್ಲ.

ಮಳೆ ಹಿಡಿದ ಮೇಲೆ ಹೊಸನಗರದ ಕಡೆಯವರೊಬ್ಬರು ಮನೆಗೇ ಬಂದರು. ಜಗಲಿ ಮೇಲೆ ಕೂತು ಚೀಲದಿಂದ ಒಂದಷ್ಟು ಮಿಳ್ಳೆ, ಅಂದರೆ ಎಳೆ ಅಡಿಕೆ ಕಾಯಿ ಸುರಿದರು. ಮೈಯೆಲ್ಲ ಸುಟ್ಟ ಕಲೆ.

"ನೀವು ಬರೆದ ಹಾಗೇ ಮಾಡಿದೆ ಮಾರಾಯ್ರೆ. ಸುಣ್ಣ ಎಂಥದ್ದಿರಬೇಕು ಅಂತ ನೀವು ಬರೆದೇ ಇಲ್ವಲ್ಲ."

ಹೋದ ವರ್ಷ ಉಳಿದಿದ್ದ, ಗಾಳಿ ತಾಗಿದ ಸುಣ್ಣ ಹಾಕಿದ್ದರಂತೆ. ಸತ್ವ ಹೋದ ಸುಣ್ಣ ತುತ್ತದ ಹುಳಿ ಮುರಿಯುವುದಿಲ್ಲ. ಹುಳಿ ಉಳಿದರೆ ಕಾಯಿ ಸುಡುತ್ತದೆ. ಅಷ್ಟು ಹೇಳುವುದಕ್ಕೂ ಆವತ್ತು ನನಗೆ ಗೊತ್ತಿರಲಿಲ್ಲ. ಸುಮ್ನೆ ಕಾಫಿ ಕೊಟ್ಟು ಕಳಿಸಿದೆ.

ನಲವತ್ತು ದಿನ ಬಿಟ್ಟು ಎರಡನೇ ಸಲ ಹೊಡೆಸುವಾಗ ನಾನೇ ಡ್ರಮ್ಮಿನ ಮುಂದೆ ನಿಂತೆ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕಲೆಸಿದೆ. ನನಗೆ ತೋರಿಸುವುದಕ್ಕೆಂದೇ ಕೊನೆಗೌಡರು ಒಂದು ಬಕೆಟ್ಟಿನಲ್ಲಿ ಸುಣ್ಣ ಕಮ್ಮಿ ಹಾಕಿಸಿದರು. ತಿಕ್ಕಿ ತೊಳೆದ ಕಬ್ಬಿಣದ ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು! ಸುಣ್ಣದ ನೀರು ಸೇರಿಸಿ, ಕತ್ತಿ ಉಜ್ಜಿ ಮತ್ತೆ ಅದ್ದಿದೆವು. ಈ ಸಲ ಕೆಂಪು ಹತ್ತಲಿಲ್ಲ.

ಅದನ್ನೇ ಬರೆದೆ. "ಮೂಲೆಯಲ್ಲಿ ಸಣ್ಣ ತಿದ್ದುಪಡಿ ಹಾಕಿದ್ರೆ ಸಾಕು ಬಿಡಿ" ಅಂದರು ಸಂಪಾದಕರು. ನಾನು ಒಪ್ಪಲಿಲ್ಲ. ತಪ್ಪು ಬಂದ ಪುಟದಲ್ಲೇ, ಅಷ್ಟೇ ದೊಡ್ಡದಾಗಿ ಬರಬೇಕು ಅಂದೆ. "ಹಿಂದೆ ಬರೆದದ್ದು ಕೇಳಿದ ಮಾತು, ಇದು ಕಂಡದ್ದು" ಅಂತಲೇ ಶುರು ಮಾಡಿದೆ. ಮರ್ಯಾದೆ ಹೋಗುತ್ತೆ ಅಂದುಕೊಂಡಿದ್ದೆ. ಆದರೆ ಸಂತೆಯಲ್ಲಿ ಸಿಕ್ಕವರು ನಿಲ್ಲಿಸಿ ಮಾತಾಡಿಸಿದರು. ಅವರವರ ತೋಟದ ಎಡವಟ್ಟುಗಳನ್ನೂ ಹೇಳಿಕೊಂಡರು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕಂಡಿದ್ದು, ಬಲಕ್ಕೆ ಕೇಳಿದ್ದು. ಬಲಗಡೆಯದನ್ನು ಬರೆಯಬೇಕಾದರೆ ಯಾರು ಹೇಳಿದ್ದು ಅಂತಲೂ ಸೇರಿಸುತ್ತೇನೆ. ರಾಜ್ಯದಲ್ಲಿ ಜಾಸ್ತಿ ಮಳೆ ಆಗುಂಬೆಯಲ್ಲೇ ಅಂತ ಒಮ್ಮೆ ವರ್ಷ ಹಾಕದೆ ಬರೆದು ಹುಲಿಕಲ್ಲಿನವರಿಂದ ಬೈಸಿಕೊಂಡಿದ್ದೆ. ಕೆಲವು ವರ್ಷ ಹುಲಿಕಲ್ಲೇ ಮುಂದಿರುತ್ತದೆ, ಬೈದದ್ದು ನ್ಯಾಯವೇ. ಅಂಗಡಿಯವರು ಪುಕ್ಕಟೆ ಕೊಟ್ಟ ಗೊಬ್ಬರದ ಬಗ್ಗೆ ಬರೆದಾಗ ಪುಕ್ಕಟೆ ಅನ್ನುವುದನ್ನೂ ಬರೆದೆ. ಆಮೇಲೆ ಅವರು ಏನೂ ಕೊಟ್ಟಿಲ್ಲ.

ಮುಂದಿನ ಜೂನ್‌ನಲ್ಲಿ ಹೊಸನಗರದವರ ಫೋನ್ ಬಂತು. ಹೊಸ ಸುಣ್ಣ ತಂದಿದ್ದರಂತೆ.

"ನೀವು ಬರೆದ ಹಾಗೆ ಕತ್ತಿ ಅದ್ದಿದೆ, ಕೆಂಪು ಹತ್ತಲಿಲ್ಲ. ಆದ್ರೂ ಇನ್ನೊಂದ್ಸಲ ಅದ್ದಿ ನೋಡೇ ಹೊಡೆಸ್ತೀನಿ, ಬೇಜಾರಿಲ್ಲ ಅಲ್ವಾ?"

"ಎಂಥ ಬೇಜಾರು, ಅದ್ದಿ" ಅಂದೆ.