ನನ್ನ ನೀಲಿಯನ್ನು ತಿಂದದ್ದು ಬೋರ್ ನೀರು

ಹೋದ ವರ್ಷ ಮಾರ್ಚಿನವರೆಗೆ ನಾನು ಮನೆಯಲ್ಲಿ ತೊಳೆದ ಒಂದು ಸಯನೋಟೈಪೂ ಮಾರನೇ ದಿನಕ್ಕೆ ನೆಟ್ಟಗೆ ಉಳಿದಿರಲಿಲ್ಲ. ಸಯನೋಟೈಪ್ ಅಂದರೆ ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದು ನೀಲಿ ಫೋಟೋ ತೆಗೆಯುವ ಹಳೇ ವಿಧಾನ. ಬಿಸಿಲಿನಿಂದ ತೆಗೆದಾಗ ಚೆನ್ನಾಗಿಯೇ ಇರುತ್ತಿತ್ತು. ನೀರಿಗೆ ಹಾಕಿದ ಕೂಡಲೇ ಹಳದಿ ಇಳಿದು ನೀಲಿ ಏಳುತ್ತಿತ್ತು, ಮನೆಯವರನ್ನೆಲ್ಲ ಕೂಗಿ ತೋರಿಸುತ್ತಿದ್ದೆ. ತೊಳೆದು ಒಣಹಾಕಿ, ಊಟ ಮುಗಿಸಿ ಬರುವಷ್ಟರಲ್ಲಿ ಫೋಟೋದಲ್ಲಿನ ಮಗಳ ಮುಖ ಕಾಮಾಲೆ ಬಂದವರ ಹಾಗೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನನಗೆ ‘ಕಾಮಾಲೆ ಸ್ಟುಡಿಯೋ’ ಅಂತಲೇ ಹೆಸರು ಬಿದ್ದಿತ್ತು.

ಈಗ ನಮ್ಮ ನಡುಮನೆಯ ಗೋಡೆಯಲ್ಲಿ 22 ಫೋಟೋ ನೇತಾಡುತ್ತಿವೆ. ಎಲ್ಲವೂ ಫೋನಿನಲ್ಲಿ ತೆಗೆದದ್ದೇ, ಎಲ್ಲವೂ ಇಲ್ಲೇ ತಿಪಟೂರಿನ ನಮ್ಮ ತಾರಸಿಯ ಬಿಸಿಲಿನಲ್ಲಿ ಆದದ್ದೇ. ಹೆಸರಿಟ್ಟವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ಮೊದಲು ಅನುಮಾನ ಪಟ್ಟವರ ವಿಷಯ. ಊರಿನ ಒಬ್ಬ ಸ್ಟುಡಿಯೋದವರು, ‘ಸಾರ್, 10 ರೂಪಾಯಿಗೆ ಕಲರ್ ಪ್ರಿಂಟ್ ಹಾಕ್ಕೊಡ್ತೀನಿ, ಯಾಕೆ ಒದ್ದಾಡ್ತೀರಾ?’ ಅಂದಿದ್ದರು. ಅದು ಬಿಡಿ. ನಮ್ಮ ಮಾವನವರು ಪಿಡಬ್ಲ್ಯುಡಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಸಯನೋಟೈಪ್ ಅಂದರೆ ಹಳೇ ಬ್ಲೂಪ್ರಿಂಟೇ, ಆದರೆ ಬ್ಲೂಪ್ರಿಂಟ್ ಅಂದರೆ ಅವರಿಗೆ ನೆನಪಾಗುವುದು ನಕ್ಷೆ ತೆಗೆಯುವ ಮಷೀನಿನ ಅಮೋನಿಯಾ ವಾಸನೆ. ‘ಅದಕ್ಕೆ ಮಷೀನ್ ಬೇಕು ಅಳಿಯಂದ್ರೇ’ ಎಂದರು. ನಿಮ್ಮದು ಬೇರೆ, ನಂದು 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದದ್ದು, ಇದಕ್ಕೆ ಬರೀ ನೀರು ಸಾಕು ಅಂತ ವಾದಿಸಿದೆ. ‘ಬರೀ ನೀರು ಸಾಕು ಅಂದ್ರೆ ಮತ್ತೆ ಆಗ್ತಾ ಇಲ್ವಲ್ಲ ಯಾಕೆ?’ ಎಂದರು. ಸರಿಯಾದ ಪ್ರಶ್ನೆ ಅದೇ ಆಗಿತ್ತು. ನನಗೆ ಹೊಳೆಯಲು ಇನ್ನೂ ಐದಾರು ತಿಂಗಳು, ನಾಲ್ಕೈದು ಸಾವಿರ ರೂಪಾಯಿ ಬೇಕಾಯಿತು.

ದುಡ್ಡು ಎಲ್ಲಿ ಹೋಯಿತು ಅಂತ ಲೆಕ್ಕ ಕೇಳಿದರೆ, ನೆನಪಿದ್ದಷ್ಟು ಹೇಳುತ್ತೇನೆ. ಕಾಗದಕ್ಕೆ ಸವರುವ ಕಬ್ಬಿಣದ ಲವಣ, ಫೆರಿಕ್ ಅಮೋನಿಯಂ ಸಿಟ್ರೇಟ್, ಮೊದಲು ಕಂದು ಬಣ್ಣದ್ದು ಬಂತು. ಅದೇ ತಪ್ಪು ಅಂದುಕೊಂಡು ಹಸಿರಿನದು ತರಿಸಿದೆ. 100 ಗ್ರಾಮಿಗೆ ಸುಮಾರು 600 ಇರಬೇಕು. ಹಸಿರಿನದು ಬೇಗ ಬಿಸಿಲು ಹಿಡಿಯುತ್ತದೆ, ಅದು ನಿಜ. ಕಾಮಾಲೆ ಮಾತ್ರ ಹೋಗಲಿಲ್ಲ. ಆಮೇಲೆ ಪೇಪರ್ ಮೇಲೆ ಅನುಮಾನ. ಮೂರು ತರಹದ ವಾಟರ್‌ಕಲರ್ ಪೇಪರ್‌ಗೆ 1,500ರ ಹತ್ತಿರ ಸುರಿದೆ. ಪೇಪರಿನಲ್ಲಿ ಸುಣ್ಣದ ಅಂಶ ಇದ್ದರೆ ನೀಲಿ ನಿಲ್ಲುವುದಿಲ್ಲ ಅಂತ ಓದಿದ್ದೆನಲ್ಲ, ಪೇಪರನ್ನೇ ವಿನೆಗರ್ ನೀರಿನಲ್ಲಿ ನೆನೆಸಿ ಒಣಗಿಸಿ ಬಳಸಿದೆ. ಸ್ವಲ್ಪ ವಾಸಿ ಆಯಿತು, ಅಷ್ಟೆ. ಇಲ್ಲೊಂದು ಎಚ್ಚರಿಕೆ: ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಇಂಥವಷ್ಟೇ. ಬಚ್ಚಲು ತೊಳೆಯುವ ಆಸಿಡ್ಡನ್ನು ಪೊಟ್ಯಾಸಿಯಂ ಫೆರಿಸಯನೈಡ್ (ಸಿಟ್ರೇಟಿನ ಜೊತೆ ಬೆರೆಸುವ ಇನ್ನೊಂದು ಲವಣ) ಇರುವ ಕಡೆಗೆ ತರಲೇಬೇಡಿ, ವಿಷದ ಗಾಳಿ ಏಳುತ್ತದೆ.

ಒಂದು ದಿನ ಕರೆಂಟು ಹೋಗಿ, ಮೋಟರ್ ಓಡದೆ, ಸಿಂಟೆಕ್ಸ್ ಖಾಲಿ. ಬಿಸಿಲಿನಲ್ಲಿ ಎರಡು ಪ್ರಿಂಟ್ ಕಾಯುತ್ತಿವೆ. ಬೇರೆ ದಾರಿಯಿಲ್ಲದೆ ಕುಡಿಯುವ ಕ್ಯಾನಿನ ನೀರನ್ನೇ ಟಬ್ಬಿಗೆ ಸುರಿದೆ. ಕುಡಿಯುವ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ ಹಿಡಿದ, ಸುಣ್ಣ ಉಪ್ಪು ಸೋಸಿ ತೆಗೆದ ಆರ್‌ಓ ನೀರು. ಆ ಎರಡು ಪ್ರಿಂಟು ಒಣಗಿದ ಮೇಲೆ ಇನ್ನೂ ಗಾಢವಾದವು. ಒಂದು ವಾರ ಬಿಟ್ಟು ನೋಡಿದೆ, ಹಾಗೇ ಇವೆ. ಆಗ ಕೊಳಾಯಿಯ ಮೂತಿ ನೋಡಿದೆ, ಬಿಳಿ ಗಸಿ ಕಟ್ಟಿ ಕೂತಿದೆ. ಹಂಡೆಯ ಒಳಗೂ ಅದೇ. ಪಾತ್ರೆಗೆ ಕಲ್ಲು ಕಟ್ಟುವ ನೀರು ಕ್ಷಾರದ್ದು ಅಂತ ಗೊತ್ತು, ಕ್ಷಾರಕ್ಕೆ ಈ ನೀಲಿ ಕರಗುತ್ತದೆ ಅಂತಲೂ ಗೊತ್ತು. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ, ಅಷ್ಟೇ. ಈ ಕೆಲಸದ ಬಗ್ಗೆ ಹೇಳಿಕೊಡುವವರೆಲ್ಲ ‘ಹರಿಯುವ ನೀರಲ್ಲಿ ತೊಳೆಯಿರಿ’ ಅನ್ನುತ್ತಾರೆ. ಅವರ ಮನೆಯಲ್ಲಿ 600 ಅಡಿ ಬೋರ್ ಇಲ್ಲ.

ಈಗ ನನ್ನ ಕ್ರಮ ಹೀಗಿದೆ. ದ್ರಾವಣ ಎಲ್ಲರದ್ದೇ: 100 ಎಂಎಲ್‌ಗೆ ಸಿಟ್ರೇಟ್ 25 ಗ್ರಾಮ್, ಇನ್ನೊಂದು ಬಾಟಲಿಯಲ್ಲಿ ಫೆರಿಸಯನೈಡ್ 10 ಗ್ರಾಮ್, ಸಮಸಮ. ರಾತ್ರಿ ಜೀರೋ ಬಲ್ಬಿನಲ್ಲಿ ಸ್ಪಂಜಿನಿಂದ ಸವರುತ್ತೇನೆ. ಕಬ್ಬಿಣದ ಪಟ್ಟಿಯಿರುವ ಬ್ರಷ್ಷಿನಿಂದ ನೀಲಿ ಚುಕ್ಕೆ ಬಂದು ಎರಡು ಹಾಳೆ ಹಾಳಾದ ಮೇಲೆ ಬ್ರಷ್ ಬಿಟ್ಟೆ. ಸಿಟ್ರೇಟ್ ಬಾಟಲಿಯಲ್ಲಿ ಬೂಷ್ಟು ಬೆಳೆದರೆ ಗಾಬರಿ ಬೇಡ, ಪಂಚೆ ಬಟ್ಟೆಯಲ್ಲಿ ಸೋಸಿದರೆ ಆಯಿತು. ತೊಳೆಯುವಾಗ ಮೊದಲ ನೀರು ಎರಡು ಲೀಟರ್ ಆರ್‌ಓ, ಅದಕ್ಕೆ ನಿಂಬೆ ಉಪ್ಪು ಒಂದು ಚಿಟಿಕೆ. ಎರಡನೇ, ಮೂರನೇ ನೀರು ಬರೀ ಆರ್‌ಓ. ಮೂರನೆಯದರಲ್ಲಿ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಮುಚ್ಚಳ, ಮಾರನೇ ದಿನಕ್ಕೆ ಬರಬೇಕಾದ ಗಾಢ ನೀಲಿ ಕಣ್ಣೆದುರೇ ಬರುತ್ತದೆ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿದಿಡುತ್ತೇನೆ, ಅದು ಆರ್‌ಓಗಿಂತ ಚೆನ್ನ. ‘ಕುಡಿಯೋ ನೀರಲ್ಲಿ ಫೋಟೋ ತೊಳೀತಾರೆ’ ಅಂತ ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ. ಆರು ಲೀಟರ್ ನೀರಿಗೆ ಒಂದೂವರೆ ರೂಪಾಯಿ ಆಗುತ್ತದೆ ಅಂತ ಲೆಕ್ಕ ಕೊಟ್ಟರೂ ಒಪ್ಪಲಿಲ್ಲ.

ನೆಗೆಟಿವ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಂಬ ಪಡುತ್ತೇನೆ, ಸಹಿಸಿಕೊಳ್ಳಿ. ಶುರುವಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಓಎಚ್‌ಪಿ ಶೀಟಿಗೆ ಹಾಕಿಸುತ್ತಿದ್ದೆ. ಕಪ್ಪು ಸಾಕಾಗದೆ, ಎರಡು ಶೀಟ್ ಒಂದರ ಮೇಲೊಂದು ಕೂರಿಸಬೇಕಿತ್ತು. ಆಮೇಲೆ ಮನೆಯ ಇಂಕ್‌ಟ್ಯಾಂಕ್ ಪ್ರಿಂಟರಿಗೆ ಇಂಕ್‌ಜೆಟ್ ಶೀಟ್ ತರಿಸಿದೆ. ಚೆನ್ನಾಗಿ ಬರುತ್ತದೆ, ಆದರೆ ಒಂದಕ್ಕೆ 25 ರೂಪಾಯಿ ಮೇಲೆ. ಹತ್ತು ಫೋಟೋದಲ್ಲಿ ಏಳು ಕೆಡುವ ಕಾಲದಲ್ಲಿ ಅದು ಹೊಟ್ಟೆ ಉರಿಸುವ ಬೆಲೆ. ಹಳೇ ಕಾಲದಲ್ಲಿ ಪೇಪರ್ ನೆಗೆಟಿವ್‌ಗೆ ಮೇಣ ಹಚ್ಚಿ ಪಾರದರ್ಶಕ ಮಾಡುತ್ತಿದ್ದರು ಅಂತ ಓದಿದ್ದೆ. ಕೊಬ್ಬರಿ ಊರಲ್ಲಿ ಕೂತು ಮೇಣ ಯಾಕೆ ಹುಡುಕಲಿ? ಮಾಮೂಲಿ 75 ಜಿಎಸ್‌ಎಂ ಎ4 ಹಾಳೆಯಲ್ಲಿ ನೆಗೆಟಿವ್ ಪ್ರಿಂಟ್ ಮಾಡಿ, ಹಿಂಬದಿಗೆ ಕೊಬ್ಬರಿ ಎಣ್ಣೆ ಸವರಿ, ಪೇಪರುಗಳ ನಡುವೆ ಒಂದು ರಾತ್ರಿ ಒತ್ತಿಟ್ಟೆ. ಬೆಳಿಗ್ಗೆ ಬೆಳಕಿಗೆ ಹಿಡಿದರೆ ಕಿಟಕಿ ಗಾಜಿನ ಹಾಗೆ! ಶೀಟ್ ಆದರೆ ಏಪ್ರಿಲ್ ಬಿಸಿಲಲ್ಲಿ ಏಳೆಂಟು ನಿಮಿಷ, ಎಣ್ಣೆ ಪೇಪರ್ ಆದರೆ 20ರಿಂದ 25. ಕಾಗದದ ನಾರು ಸ್ವಲ್ಪ ಕಾಣುತ್ತದೆ, ಮುಖಗಳಿಗೆ ಅದೇ ಚಂದ. ಖರ್ಚು ಒಂದು ರೂಪಾಯಿಯ ಆಸುಪಾಸು.

ಮೊದಲ ಐದಾರರಲ್ಲಿ ಎಣ್ಣೆ ಕೆಳಗಿನ ಹಾಳೆಗೆ ಇಳಿದು ಮಚ್ಚೆಯಾಯಿತು. ನಡುವೆ ಏನಿಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅಡುಗೆಮನೆಯಲ್ಲೇ ಸಿಗುತ್ತದೆ ಅಂತ ಮಾತ್ರ ಹೇಳುತ್ತೇನೆ. ಡಿಸೆಂಬರ್ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ನೆಗೆಟಿವ್ ಮಂಕಾಗಿತ್ತು, ಬಿಸಿಲಿಗಿಟ್ಟರೆ ತಾನೇ ಸರಿಹೋಯಿತು.

ನೆಗೆಟಿವ್ ಮಾಡುವುದಕ್ಕೆ ಕಂಪ್ಯೂಟರ್ ಬೇಕಿಲ್ಲ. ಫೋನಿನಲ್ಲಿ ಫೋಟೋ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನಲ್ಲಿ ಕಪ್ಪುಬಿಳುಪು ಮಾಡಿ, ಕರ್ವ್ಸ್ ಗೆರೆಯ ಎಡತುದಿಯನ್ನು ಮೇಲಕ್ಕೆ, ಬಲತುದಿಯನ್ನು ಕೆಳಕ್ಕೆ ಎಳೆದರೆ ಆಯಿತು. ಗೆರೆಯ ಹೊಟ್ಟೆ ಎಷ್ಟು ಬಗ್ಗಬೇಕು ಅನ್ನುವುದು ನನ್ನ ಮೂರು ತಿಂಗಳ ಸಂಪಾದನೆ, ಅದನ್ನು ನೀವೇ ನಿಮ್ಮ ಪ್ರಿಂಟರಿಗೆ ಕಂಡುಕೊಳ್ಳಿ. ಕನ್ನಡಿ ಬಿಂಬ ಮಾಡುವುದು ಮರೆಯಬೇಡಿ. ಮರೆತು, ತಮ್ಮನ ಅಂಗಡಿ ಬೋರ್ಡು ಉಲ್ಟಾ ಬಂದಿತ್ತು. ವಾಟ್ಸಾಪಿನಲ್ಲಿ ಬಂದ ಫೋಟೋ ಅರ್ಧ ಎ4 ಗಾತ್ರಕ್ಕೆ ಪರವಾಗಿಲ್ಲ, ಅದಕ್ಕಿಂತ ದೊಡ್ಡದಕ್ಕೆ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.

ಬಟ್ಟೆಯ ಮೇಲೂ ಮಾಡಿದೆ. ತಾತನ ಹಳೇ ಪಂಚೆ ಹರಿದು, ಅದರ ಮೇಲೆ ತಾತನದೇ ಫೋಟೋ, ದಿಂಬಿನ ಕವರು. ಅದ್ಭುತವಾಗಿ ಬಂತು. ಎರಡು ವಾರಕ್ಕೆ ಅಮ್ಮ ಅದನ್ನು ಸೋಪಿನ ಪುಡಿಯಲ್ಲಿ ನೆನೆಹಾಕಿದರು, ಅದೂ ಕ್ಷಾರವೇ. ತಾತ ಪೂರ್ತಿ ಮಾಯವಾಗಲಿಲ್ಲ, ತೆಳು ಹಳದಿ ನೆರಳಾಗಿ ಉಳಿದರು. ಆ ಹಳದಿ ಅಂದರೆ ಕಬ್ಬಿಣ, ಕಬ್ಬಿಣಕ್ಕೆ ಒಗರು ಸೇರಿದರೆ ಕಪ್ಪು. ಟೀ ಡಿಕಾಕ್ಷನ್ ಎಲ್ಲರೂ ಹಾಕುತ್ತಾರೆ. ನಾನು ಗುಬ್ಬಿ ಕಡೆಯ ನೆಂಟರ ಮನೆಯಿಂದ ಅಡಿಕೆ ಬೇಯಿಸಿದ ಚೊಗರು ತಂದಿದ್ದೆ, ನೀರು ಬೆರೆಸಿ ಅದರಲ್ಲಿ ಮುಕ್ಕಾಲು ಗಂಟೆ ಅದ್ದಿದೆ. ಹಳೇ ಆಲ್ಬಮ್ಮಿನ ಫೋಟೋದಂಥ ಕಡುಕಂದಿನಲ್ಲಿ ತಾತ ಎದ್ದು ಬಂದರು. ಬಟ್ಟೆಯ ಬಿಳಿಯೂ ಸ್ವಲ್ಪ ಕೆಂಪಾಯಿತು, ಅದು ತಪ್ಪದು. ಈಗ ಬೇಕೆಂದೇ ವಾಷಿಂಗ್ ಸೋಡಾ ನೀರಿನಲ್ಲಿ ನೀಲಿ ತೆಗೆದು ಚೊಗರಿಗೆ ಹಾಕುತ್ತೇನೆ. ಗೋಡೆಯಲ್ಲಿರುವ 22ರಲ್ಲಿ ಏಳು ಚೊಗರಿನವು, ಬಂದವರು ಮೊದಲು ಕೈ ತೋರಿಸುವುದು ಅವಕ್ಕೇ.

ಮಧ್ಯೆ ಕೆಸುವಿನ ಎಲೆಯ ಮೇಲೆ ಪಾಸಿಟಿವ್ ಶೀಟ್ (ನೆಗೆಟಿವ್ ಮಾಡದ ಮಾಮೂಲಿ ಫೋಟೋ) ಇಟ್ಟು ಎರಡು ದಿನ ಬಿಸಿಲಿಗೆ ಬಿಟ್ಟಿದ್ದೆ. ಮಗಳ ಮುಖ ಮೂಡಿತು ಅಂದರೆ ಮೂಡಿತು, ನಾನು ಹೇಳಿದ ಮೇಲೆ ಕಾಣುವಷ್ಟು. ವಾರಕ್ಕೆ ಎಲೆ ಹಪ್ಪಳವಾಯಿತು. ಹಲಗೆಗೆ ಫೆವಿಕಾಲ್ ಹಚ್ಚಿ ಜೆರಾಕ್ಸ್ ಅಂಟಿಸಿ ಕಾಗದ ಉಜ್ಜಿ ತೆಗೆದು ಫೋಟೋವನ್ನು ಹಲಗೆಯ ಮೇಲೆ ಉಳಿಸುವುದು ಸುಲಭ, ಆದರೆ ಇಂಕ್‌ಜೆಟ್ ಪ್ರಿಂಟ್ ಹಾಕಿ ಎಲ್ಲ ಕಲಸಿಹೋದ ಮೇಲೆ ಬೇಸರವಾಗಿ ಬಿಟ್ಟೆ.

ನೇತುಹಾಕುವುದರಲ್ಲೂ ಏಟು ತಿಂದಿದ್ದೇನೆ. ಪಶ್ಚಿಮದ ಕಿಟಕಿಯ ಎದುರು ಹಾಕಿದ ಮೂರು ಪ್ರಿಂಟು ಎರಡು ತಿಂಗಳಲ್ಲಿ ಮಾಸಿದವು. ಎಸೆಯಲಿಲ್ಲ, ಬೀರುವಿನಲ್ಲಿ ಸೀರೆಗಳ ಕೆಳಗೆ ಹದಿನೈದು ದಿನ ಇಟ್ಟೆ. ಕತ್ತಲಲ್ಲಿ ನೀಲಿ ಬಹುಪಾಲು ವಾಪಸ್ ಬಂತು. ಈ ಗುಣ ನಿಮಗೆ ಗೊತ್ತಿದ್ದೀತು, ನಮ್ಮ ಅತ್ತೆಯವರಿಗೆ ಮಾತ್ರ ಇವತ್ತಿಗೂ ಅದು ಪವಾಡ. ಆಮೇಲೆ ಗಾಜಿನ ಫ್ರೇಮಿನ ಯೋಚನೆ ಬಿಟ್ಟೆ. ಫ್ರೇಮಿನವರು 250 ಕೇಳುತ್ತಾರೆ, ಅವರ ಮೌಂಟ್ ಬೋರ್ಡಿನಲ್ಲಿ ಸುಣ್ಣದ ಅಂಶ ಇದ್ದರೆ ಅದೂ ನೀಲಿಗೆ ಕೇಡು. ತೆಂಗಿನ ನಾರಿನ ಹಗ್ಗ ಎರಡು ಸಾಲು, ಮರದ ಬಟ್ಟೆ ಕ್ಲಿಪ್ಪು, ಆಗಾಗ ಬದಲಾಯಿಸುತ್ತಿರುವುದು. ಗೋಡೆಯಲ್ಲಿ ಸ್ವಲ್ಪ ದಿನ, ಬೀರುವಿನಲ್ಲಿ ಸ್ವಲ್ಪ ದಿನ.

ಒಟ್ಟು ಖರ್ಚು ಎಲ್ಲ ಸೇರಿ 9,000 ದಾಟಿರಬಹುದು, ಮುಕ್ಕಾಲು ಪಾಲು ಕಾಮಾಲೆ ಕಾಲದ್ದು. ಈಗ ಅರ್ಧ ಎ4 ಪ್ರಿಂಟಿಗೆ ಪೇಪರೂ ಸೇರಿ 18–20 ರೂಪಾಯಿ. ನಾದಿನಿಯ ಮಗುವಿನ ನಾಮಕರಣಕ್ಕೆ ಮಗುವಿನ ಪಾದದ ಫೋಟೋ 60 ಚಿಕ್ಕ ಕಾರ್ಡು ಮಾಡಿಕೊಟ್ಟೆ. ಕೆಟ್ಟದ್ದು ನಾಲ್ಕೇ. ಆ ಸ್ಟುಡಿಯೋದವರೂ ಬಂದಿದ್ದರು, ಕಾರ್ಡು ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು, ಮಾತಾಡಲಿಲ್ಲ.

ನನ್ನ ಹತ್ತಿರ ಚೊಗರು ಮುಗಿಯುತ್ತಾ ಬಂದಿದೆ. ಈ ಸಲದ ಅಡಿಕೆ ಬೇಯಿಸುವಾಗ ಚೆಲ್ಲುವ ಮನೆಯವರಿದ್ದರೆ ಒಂದು ಐದು ಲೀಟರ್ ಕ್ಯಾನು ತೆಗೆದಿಡಿ, ಬಸ್ಸಿಗೆ ಹಾಕುವ ಖರ್ಚು ನನ್ನದು.