ಅಗ್ಗದ ಡಿಜಿಟಲ್ ಮೈಕ್ರೋಸ್ಕೋಪಿನಲ್ಲಿ 5 ಮೈಕ್ರಾನ್ ಹಿಡಿದದ್ದು: ನನ್ನ ಅನುಭವ

ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ ಅಳತೆ ತೆಗೆಯುತ್ತೇನೆ ಎಂದಾಗ ಲೇತ್ ಕೆಲಸ ಬಲ್ಲ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ಅದು ಮಕ್ಕಳ ಆಟಿಕೆ, ಚಿತ್ರ ನೋಡುವುದಕ್ಕೆ ಸರಿ, ಅಳೆಯುವುದಕ್ಕಲ್ಲ. ಈಗ ಅದೇ ಆಟಿಕೆ ನನ್ನ ಮೇಜಿನ ಮೇಲೆ 10, 20 ಮಿಲಿಮೀಟರ್ ದೂರಗಳನ್ನು ಹೆಚ್ಚುಕಡಿಮೆ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಒಳಗೆ ಹೇಳುತ್ತಿದೆ. ಅಳೆಯಬೇಕಾದ ಭಾಗವನ್ನು ತೆಗೆದು ಮತ್ತೆ ಇಟ್ಟರೂ ಹೆಚ್ಚೆಂದರೆ 2 ಮೈಕ್ರಾನ್ ಆಚೀಚೆ. ಅಂದು ತಲೆಯಾಡಿಸಿದವರಲ್ಲಿ ಇಬ್ಬರು ಈಗ ತಮ್ಮ ಡ್ರಿಲ್ ಜಿಗ್‌ಗಳ (ಸರಿಯಾದ ಜಾಗದಲ್ಲಿ ರಂಧ್ರ ಕೊರೆಯಲು ದಾರಿ ತೋರುವ ಅಚ್ಚುಗಳ) ರಂಧ್ರಾಂತರ ಪರೀಕ್ಷಿಸಲು ನನ್ನ ಬಳಿಗೆ ಬರುತ್ತಾರೆ.

ಮೊದಲು ಎಲ್ಲರೂ ಹಿಡಿಯುವ ದಾರಿಯನ್ನೇ ನಾನೂ ಹಿಡಿದೆ. 1 ಮಿಲಿಮೀಟರನ್ನು 100 ಭಾಗ ಮಾಡಿದ ಗಾಜಿನ ಸ್ಕೇಲ್ ಇಟ್ಟು, ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂದು ಎಣಿಸಿ, ಆ ಲೆಕ್ಕದಲ್ಲಿ ಭಾಗವನ್ನು ಅಳೆಯುವುದು. ನನ್ನ ಹೊಂದಾಣಿಕೆಯಲ್ಲಿ ಒಂದು ಪಿಕ್ಸೆಲ್ ಸುಮಾರು 1.6 ಮೈಕ್ರಾನ್ ಆಗುತ್ತಿತ್ತು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುವ ಸಂಖ್ಯೆ. ಆದರೆ 2 ಮಿಲಿಮೀಟರ್ ಪಿನ್ ಗೇಜ್ (ವ್ಯಾಸ ನಿಖರವಾಗಿ ಗೊತ್ತಿರುವ ಉಕ್ಕಿನ ಕಡ್ಡಿ) ಒಮ್ಮೆ 1.98 ತೋರಿಸಿತು, ಇನ್ನೊಮ್ಮೆ 2.02.

ಕಾರಣ ಸರಳ. ಈ ಮೈಕ್ರೋಸ್ಕೋಪುಗಳಲ್ಲಿ ಫೋಕಸ್ ಚಕ್ರ ತಿರುಗಿಸಿದರೆ ವರ್ಧನೆಯೂ ಬದಲಾಗುತ್ತದೆ. ಚಕ್ರವನ್ನು ಮುಟ್ಟದಿದ್ದರೂ ಸಾಲದು. ಲೆನ್ಸಿನಿಂದ ಭಾಗ 20 ಮಿಲಿಮೀಟರ್ ದೂರದಲ್ಲಿದ್ದರೆ, ಎತ್ತರ 0.1 ಮಿಲಿಮೀಟರ್ ಬದಲಾದಾಗ ಅಳತೆ ಶೇಕಡಾ ಅರ್ಧದಷ್ಟು ತಪ್ಪುತ್ತದೆ. 2 ಮಿಲಿಮೀಟರಿಗೆ ಅದು 10 ಮೈಕ್ರಾನ್. ಚಿತ್ರದ ಅಂಚಿನಲ್ಲಿ ಲೆನ್ಸಿನ ವಕ್ರತೆ ಬೇರೆ. ಚಕ್ರವನ್ನು ಅಂಟು ಹಾಕಿ ಬಿಗಿದು, ಇಡೀ ಮೈಕ್ರೋಸ್ಕೋಪನ್ನೇ ಮೇಲೆ ಕೆಳಗೆ ಸರಿಸಿ ಫೋಕಸ್ ಮಾಡತೊಡಗಿದ ಮೇಲೆ ಅರ್ಧ ತೊಂದರೆ ಕಳೆಯಿತು. ಉಳಿದರ್ಧ ಪಿಕ್ಸೆಲ್ ಎಣಿಸುವ ಪದ್ಧತಿಯಲ್ಲೇ ಇತ್ತು.

ಆಗ ಪದ್ಧತಿಯನ್ನೇ ತಿರುಗಿಸಿದೆ. ದೂರವನ್ನು ಸ್ಲಿಪ್ ಗೇಜ್ (ದಪ್ಪ ನಿಖರವಾಗಿ ಗೊತ್ತಿರುವ ಬಿಲ್ಲೆ) ಅಳೆಯಲಿ, ಮೈಕ್ರೋಸ್ಕೋಪು ಉಳಿದ ಚೂರನ್ನು ಮಾತ್ರ ನೋಡಲಿ. ಭಾಗವನ್ನು ಹೊತ್ತು ಸರಿಯುವ ಜಾರುಮೇಜು ಒಂದು ಸ್ಪ್ರಿಂಗಿನ ಒತ್ತಡದಿಂದ ಗಟ್ಟಿ ತಡೆಗೆ ಒತ್ತಿಕೊಂಡಿರುತ್ತದೆ. ಭಾಗದ ಅಳತೆ 12.34 ಮಿಲಿಮೀಟರ್ ಇರಬೇಕು ಎಂದಾದರೆ ಮೇಜು ಮತ್ತು ತಡೆಯ ನಡುವೆ 12.34ರ ಸ್ಲಿಪ್ ಜೋಡಣೆ ಇಟ್ಟು ಎಡ ಅಂಚಿನ ಚಿತ್ರ ತೆಗೆಯುತ್ತೇನೆ. ಸ್ಲಿಪ್ ತೆಗೆದರೆ ಮೇಜು ಅಷ್ಟೇ ದೂರ ಸರಿಯುತ್ತದೆ, ಬಲ ಅಂಚು ಪರದೆಯ ಮಧ್ಯಕ್ಕೆ, ಅದೇ ಜಾಗದ ಹತ್ತಿರ ಬರುತ್ತದೆ. ಎರಡು ಚಿತ್ರಗಳಲ್ಲಿ ಅಂಚಿನ ಸ್ಥಾನದ ವ್ಯತ್ಯಾಸವೇ ಭಾಗದ ದೋಷ. ಆ ವ್ಯತ್ಯಾಸ 0.05 ಮಿಲಿಮೀಟರ್ ಒಳಗಿದ್ದರೆ, ಪಿಕ್ಸೆಲ್ ಲೆಕ್ಕ ಶೇಕಡಾ ಒಂದರಷ್ಟು ತಪ್ಪಿದ್ದರೂ ನನಗೆ ತಗಲುವುದು ಅರ್ಧ ಮೈಕ್ರಾನ್ ಮಾತ್ರ. ಲೆನ್ಸಿನ ವಕ್ರತೆ, ಎತ್ತರದ ವ್ಯತ್ಯಾಸ ಎಲ್ಲವೂ ಒಂದೇ ಏಟಿಗೆ ಬದಿಗೆ ಸರಿದವು.

ತಡೆಯನ್ನು ಎಲ್ಲಿ ಇಡುತ್ತೀರಿ ಎಂಬುದು ಇಲ್ಲಿ ಬಹಳ ಮುಖ್ಯ. ನನ್ನ ಮೊದಲ ಜೋಡಣೆಯಲ್ಲಿ ತಡೆ ಅಳತೆಯ ಗೆರೆಯಿಂದ 40 ಮಿಲಿಮೀಟರ್ ಪಕ್ಕಕ್ಕಿತ್ತು. ಮೇಜು ಸರಿಯುವಾಗ ಒಂದು ಕೋನ ನಿಮಿಷದಷ್ಟು (ಡಿಗ್ರಿಯ ಅರವತ್ತನೇ ಒಂದು ಪಾಲು) ಓರೆಯಾದರೂ ಅಷ್ಟು ದೂರದಲ್ಲಿ ಸುಮಾರು 12 ಮೈಕ್ರಾನ್ ಹೋಗುತ್ತದೆ. ಅಳತೆಗೋಲು ಅಳೆಯುವ ಗೆರೆಯಲ್ಲೇ ಇರಬೇಕು ಎಂದು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1890ರಲ್ಲೇ ಹೇಳಿದ ನಿಯಮವಿದು, ನಾವೆಲ್ಲ ಓದಿದ್ದೇವೆ. ತಡೆಯನ್ನು ಅಳತೆಯ ಗೆರೆಗೇ ತಂದ ದಿನ ನನ್ನ ಸಂಖ್ಯೆಗಳು ಥಟ್ಟನೆ ಒಟ್ಟುಗೂಡಿದವು. ಆ ಸಂತೋಷವನ್ನು ಈಗಲೂ ಮರೆತಿಲ್ಲ.

ಇನ್ನು ಹಣದ ವಿಚಾರ. ಒಟ್ಟು ಖರ್ಚಿನಲ್ಲಿ ಮೈಕ್ರೋಸ್ಕೋಪಿನ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ. ಬಗ್ಗುವ ಕೊಳವೆಯ ಸ್ಟ್ಯಾಂಡ್ ಮೊದಲ ದಿನವೇ ಮೂಲೆ ಸೇರಿತು. ಮೇಜಿನ ಮೇಲೆ ಕೈ ಇಟ್ಟರೆ ಚಿತ್ರ ಕುಣಿಯುತ್ತಿತ್ತು. ಪ್ಲಾಸ್ಟಿಕ್ ಸ್ಟ್ಯಾಂಡ್ ತನ್ನ ಭಾರಕ್ಕೆ ತಾನೇ ಮೆಲ್ಲನೆ ಇಳಿಯುತ್ತಿತ್ತು. ಕೊನೆಗೆ ದಪ್ಪ ಉಕ್ಕಿನ ಕಂಬ, ಅದಕ್ಕೆ ಅಲ್ಯೂಮಿನಿಯಂ ಗಟ್ಟಿಯಿಂದ ನಾನೇ ಕೊರೆದ ಹಿಡಿಕೆ. ಕಂಬಕ್ಕೇ ಮೈಕ್ರೋಸ್ಕೋಪಿನ ಮೂರು ಪಟ್ಟು ಹೋಯಿತು. ಜಾರುಮೇಜು ಹಳೆಯದು, ಆದರೂ ಎಲ್ಲಕ್ಕಿಂತ ದುಬಾರಿ. ಸ್ಲಿಪ್ ಗೇಜ್ ಪೆಟ್ಟಿಗೆ ಮೊದಲೇ ಇತ್ತು. ಇಲ್ಲದವರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹೀಗಿದ್ದೂ ಹೊಸ ಟೂಲ್‌ರೂಮ್ ಮೈಕ್ರೋಸ್ಕೋಪಿನ (ಅಳೆಯುವುದಕ್ಕೆಂದೇ ಮಾಡಿದ ಕಾರ್ಖಾನೆಯ ಮೈಕ್ರೋಸ್ಕೋಪಿನ) ಬೆಲೆಯ ಹತ್ತಿರಕ್ಕೂ ಇದು ಹೋಗುವುದಿಲ್ಲ.

ಮೈಕ್ರೋಸ್ಕೋಪು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 1000 ಪಟ್ಟು ಎಂಬ ಬರಹವನ್ನು ನಂಬಬೇಡಿ. ಅದು ಪರದೆ ಎಷ್ಟು ದೊಡ್ಡದು ಎಂಬುದರ ಲೆಕ್ಕ, ಲೆನ್ಸಿನ ಶಕ್ತಿಯಲ್ಲ. ಮೆಗಾಪಿಕ್ಸೆಲ್ ವಿಚಾರದಲ್ಲೂ ಮೋಸವಿದೆ. ನಾನು ಕೊಂಡವುಗಳಲ್ಲಿ ಹೆಚ್ಚು ಬೆಲೆಯದ್ದೇ 640×480 ಸಂವೇದಕದ ಚಿತ್ರವನ್ನು ಹಿಗ್ಗಿಸಿ 1600×1200 ಎಂದು ಕೊಡುತ್ತಿತ್ತು. ಗಾಜಿನ ಸ್ಕೇಲಿನ ಗೆರೆಯ ಅಂಚು ಎಷ್ಟು ಪಿಕ್ಸೆಲ್ ಅಗಲಕ್ಕೆ ಹರಡಿದೆ ಎಂದು ನೋಡಿದರೆ ಗುಟ್ಟು ಹೊರಬೀಳುತ್ತದೆ.

ಬೆಳಕಿಗೆ ನಾನು ಕಳೆದಷ್ಟು ಸಮಯ ಬೇರಾವುದಕ್ಕೂ ಕಳೆದಿಲ್ಲ. ಲೆನ್ಸಿನ ಸುತ್ತಲಿನ ಎಲ್‌ಇಡಿಗಳನ್ನು ಪೂರ್ತಿ ಆರಿಸಿಬಿಡಿ. ಹೊಳೆಯುವ ಲೋಹದಲ್ಲಿ ಅವು ಅಂಚನ್ನು ಎರಡು ಮೂರಾಗಿ ತೋರಿಸುತ್ತವೆ. ಕೆಳಗಿನಿಂದ ಬೆಳಕು ಬಿಟ್ಟು ನೆರಳಿನ ಅಂಚನ್ನೇ ಹಿಡಿಯಬೇಕು. ತಂತಾನೇ ಬದಲಾಗುವ ಎಕ್ಸ್‌ಪೋಶರ್ ಮತ್ತು ಬಿಳಿ ಸಮತೋಲನವನ್ನು ಸಾಫ್ಟ್‌ವೇರಿನಲ್ಲಿ ಕಟ್ಟಿಹಾಕದಿದ್ದರೆ ಅಂಚು ತಾನೇ ಓಡಾಡುತ್ತದೆ. ಬೆಳಕು ಅಂಚಿನೊಳಕ್ಕೆ ಹರಿಯುವುದರಿಂದ ಭಾಗ ಸ್ವಲ್ಪ ಕಿರಿದಾಗಿ ಕಾಣುತ್ತದೆ. ನನ್ನಲ್ಲಿ ಅದು ಆರೇಳು ಮೈಕ್ರಾನ್ ಇತ್ತು. ಅದೇ ಬೆಳಕಿನಲ್ಲಿ ಗೊತ್ತಿರುವ ಸ್ಲಿಪ್ ಗೇಜನ್ನು ಅಳೆದು ಆ ವ್ಯತ್ಯಾಸವನ್ನು ಸರಿದೂಗಿಸುತ್ತೇನೆ. ರಂಧ್ರದಿಂದ ರಂಧ್ರಕ್ಕೆ, ಹಲ್ಲಿನಿಂದ ಹಲ್ಲಿಗೆ ಅಳೆಯುವಾಗ ಈ ತಿದ್ದುಪಡಿ ಬೇಕಿಲ್ಲ, ಏಕೆಂದರೆ ಎರಡೂ ಕಡೆ ಒಂದೇ ಬಗೆಯ ಅಂಚು. ದುಂಡನೆಯ ಪಿನ್ನಿನ ಕಥೆ ಬೇರೆ. ಅದರ ಮೈಗೆ ತಾಗಿ ಜಾರುವ ಬೆಳಕು ಅದನ್ನು ಇನ್ನಷ್ಟು ಸಣ್ಣದಾಗಿಸುತ್ತದೆ. ಬೆಳಕಿನ ಮೂಲವನ್ನು ಚಿಕ್ಕದಾಗಿಸಿ ದೂರ ಇಟ್ಟು ಇದನ್ನು ಬಹುಪಾಲು ಗೆದ್ದಿದ್ದೇನೆ. ಬೆಳಕಿಗೂ ಭಾಗಕ್ಕೂ ನಡುವೆ ಇಡುವ ಪದರ ಯಾವುದು, ಎಷ್ಟು ದೂರದಲ್ಲಿ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಅನೇಕ ರಾತ್ರಿಗಳನ್ನು ಕೊಟ್ಟಿದ್ದೇನೆ.

ಚಿತ್ರದಲ್ಲಿ ಅಂಚನ್ನು ಕಣ್ಣಿನಿಂದ ಗುರುತಿಸುವುದಿಲ್ಲ. ಮುನ್ನೂರು ನಾನೂರು ಸಾಲುಗಳಲ್ಲಿ ಕಪ್ಪು ಬಿಳುಪಿನ ಸರಿ ಮಧ್ಯವನ್ನು ಹುಡುಕಿ, ಅವುಗಳ ಮೂಲಕ ಒಂದು ನೇರಗೆರೆ ಎಳೆಯುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಗೆರೆ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದಷ್ಟು ಸ್ಥಿರವಾಗಿ ನಿಲ್ಲುತ್ತದೆ. ಪ್ರೋಗ್ರಾಂ ಬರೆಯಲು ಬಾರದವರಿಗೆ ಉಚಿತವಾಗಿ ಸಿಗುವ ಇಮೇಜ್‌ಜೆ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರ್ ಸಾಕು, ಸ್ವಲ್ಪ ತಾಳ್ಮೆ ಬೇಕು.

ಮೈಕ್ರೋಸ್ಕೋಪನ್ನು ಚಾಲೂ ಮಾಡಿ ಅರ್ಧ ಗಂಟೆ ಬಿಡಿ. ಒಳಗಿನ ಬಿಸಿಗೆ ಚಿತ್ರ ಮೊದಲಲ್ಲಿ ಹತ್ತಾರು ಪಿಕ್ಸೆಲ್ ತೆವಳುತ್ತದೆ. ಭಾಗವನ್ನೂ ಕೈಯಲ್ಲಿ ಹಿಡಿದು ತಕ್ಷಣ ಅಳೆಯಬೇಡಿ: 100 ಮಿಲಿಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಎರಡು ಮೈಕ್ರಾನಿಗಿಂತ ಹೆಚ್ಚು ಬೆಳೆಯುತ್ತದೆ, ಉಕ್ಕು ಅದರ ಅರ್ಧದಷ್ಟು.

ಗಾಜಿನ ಸ್ಕೇಲ್ ಕೈಸೇರುವ ಮೊದಲು ಮೊಬೈಲ್ ಪರದೆಯನ್ನೇ ಸ್ಕೇಲ್ ಮಾಡಿಕೊಂಡು ನೋಡಿದ್ದೆ. ಇಂಚಿಗೆ 400 ಪಿಕ್ಸೆಲ್ ಇರುವ ಪರದೆಯಲ್ಲಿ ಒಂದೊಂದರ ಅಂತರ 63.5 ಮೈಕ್ರಾನ್. ಚಿತ್ರದ ಮಧ್ಯ ಮತ್ತು ಮೂಲೆಗಳ ವ್ಯತ್ಯಾಸ ತಿಳಿಯಲು ಇದಕ್ಕಿಂತ ಅಗ್ಗದ ಜಾಲರಿ ಸಿಗಲಾರದು. ಕೆಲವು ಪರದೆಗಳಲ್ಲಿ ಕೆಂಪು, ನೀಲಿ ಚುಕ್ಕೆಗಳು ಹಸಿರಿನ ಅರ್ಧದಷ್ಟೇ ಇರುತ್ತವೆ, ಹಸಿರನ್ನೇ ಎಣಿಸಿ. ಸಿಡಿಯ ಹಾದಿಗಳನ್ನೂ ನೋಡಲು ಹೊರಟಿದ್ದೆ. ಅವುಗಳ ಅಂತರ 1.6 ಮೈಕ್ರಾನ್, ಈ ಲೆನ್ಸಿಗೆ ಅದು ಸಾಧ್ಯವೇ ಇಲ್ಲ, ಕಂಡದ್ದು ಬರೀ ಬಣ್ಣ.

ಮಿಲ್ಲಿಂಗ್ ಯಂತ್ರದ ಸ್ಪಿಂಡಲ್‌ಗೆ (ಉಪಕರಣ ಹಿಡಿದು ತಿರುಗುವ ದಂಡಕ್ಕೆ) ಇದನ್ನು ಸಿಕ್ಕಿಸಿ ಕೇಂದ್ರ ಹುಡುಕಿದ್ದು ಚೆನ್ನಾಗಿ ಫಲಿಸಿತು. ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ, ಒಂದೇ ಚುಕ್ಕೆಯ ಎರಡು ಸ್ಥಾನಗಳ ನಡುಬಿಂದುವೇ ನಿಜವಾದ ಅಕ್ಷ. ಮೈಕ್ರೋಸ್ಕೋಪು ಓರೆಯಾಗಿದ್ದರೂ ನಡೆಯುತ್ತದೆ, ಚುಕ್ಕೆಯ ಎತ್ತರ ಬದಲಾಗದಿದ್ದರೆ ಸಾಕು. ಸ್ಕ್ರೂ ಹಲ್ಲುಗಳ ನೆರಳು ನೋಡುವವರು ಭಾಗವನ್ನು ಸುರುಳಿಯ ಕೋನಕ್ಕೆ ಓರೆ ಮಾಡಲೇಬೇಕು. ಎಂ6ಕ್ಕೆ, ಅಂದರೆ 6 ಮಿಲಿಮೀಟರ್ ಸ್ಕ್ರೂಗೆ, ಸುಮಾರು 3.4 ಡಿಗ್ರಿ. ಇಲ್ಲದಿದ್ದರೆ ಹಲ್ಲಿನ ಬದಿ ಮಸುಕಾಗಿ 60 ಡಿಗ್ರಿ ಎಂದೂ ಸಿಗುವುದಿಲ್ಲ.

ಶಾಫ್ಟಿನ ವ್ಯಾಸಕ್ಕೆ ಈಗಲೂ ಮೈಕ್ರೋಮೀಟರನ್ನೇ ತೆಗೆದುಕೊಳ್ಳುತ್ತೇನೆ. ಅದು ವೇಗ, ನಂಬಿಕೆಯೂ ಹೆಚ್ಚು. ರಂಧ್ರಾಂತರ, ಸಣ್ಣ ತೋಡುಗಳ ಅಗಲ, ಲೋಹ ಕತ್ತರಿಸುವ ಬಿಲ್ಲೆಯಾದ ಇನ್ಸರ್ಟಿನ 0.4 ಮಿಲಿಮೀಟರ್ ಮೂಗಿನ ತ್ರಿಜ್ಯ, ಅದರ ಸವೆತ, ಮೈಕ್ರೋಮೀಟರಿನ ದವಡೆ ಮುಟ್ಟಲಾಗದ ತೆಳು ಪಟ್ಟಿಗಳು, ಇವೆಲ್ಲ ಈಗ ಈ ಮೇಜಿಗೇ ಬರುತ್ತವೆ.