ವಿಜ್ಞಾನ ನಿಜವಾಗಿ ಇಷ್ಟವಾ? ಮಕ್ಕಳ ಒಲವು ಅಳೆಯುವುದು ಹೀಗೆ

ವಿಜ್ಞಾನದ ಮೇಷ್ಟ್ರು ಎಂಟನೇ ತರಗತಿಯಲ್ಲಿ ನಿಂತು ‘ವಿಜ್ಞಾನ ಇಷ್ಟವೇನ್ರೋ?’ ಅಂತ ಕೇಳಿದರೆ ‘ಹೌದು ಸಾರ್’ ಎಂದು ಇಡೀ ಕ್ಲಾಸು ಕೂಗುತ್ತದೆ. ಕೇಳಿದವರೇ ಮಾರ್ಕ್ಸ್ ಹಾಕುವವರು, ಅಲ್ವಾ? ಇನ್ನೇನು ಹೇಳಿಯಾರು! ಮಾರ್ಕ್ಸ್ ಕಾರ್ಡ್ ನೋಡಿದರೂ ಒಲವು ತಿಳಿಯುವುದಿಲ್ಲ. ಟ್ಯೂಷನ್ ಬಲದಲ್ಲಿ ತೊಂಬತ್ತು ತೆಗೆದು, ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಪುಸ್ತಕ ರದ್ದಿಗೆ ಹಾಕುವ ಮಕ್ಕಳಿದ್ದಾರೆ. ಐವತ್ತು ತೆಗೆದು ಹಳೇ ಮಿಕ್ಸಿ ಬಿಚ್ಚಿ ಕೂರುವವರೂ ಇದ್ದಾರೆ. ಒಲವನ್ನು ಬೇರೆಯಾಗಿಯೇ ಅಳೆಯಬೇಕು. ಅದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಒಂದು ಹಾಳೆ, ಎಕ್ಸೆಲ್ ಇರುವ ಕಂಪ್ಯೂಟರ್, ಸ್ವಲ್ಪ ತಾಳ್ಮೆ ಇದ್ದರೆ ಶಿಕ್ಷಕರೇ ಮಾಡಬಹುದು.

ಯಾವ ಇಷ್ಟ ಎಂದು ಮೊದಲು ತೀರ್ಮಾನಿಸಿ

ವಿಜ್ಞಾನದ ಪಿರಿಯಡ್ ಇಷ್ಟವಾಗುವುದು ಬೇರೆ, ರಜೆಯಲ್ಲೂ ವಿಜ್ಞಾನದ ಗೀಳು ಇರುವುದು ಬೇರೆ, ವಿಜ್ಞಾನಿಯಾಗಬೇಕು ಅನ್ನಿಸುವುದು ಇನ್ನೂ ಬೇರೆ. ಆಸ್ಟ್ರೇಲಿಯಾದ ಬ್ಯಾರಿ ಫ್ರೇಸರ್ 1981ರಲ್ಲಿ ಪ್ರಕಟಿಸಿದ ‘ಟೋಸ್ರಾ’ ಎಂಬ ಪ್ರಶ್ನಾವಳಿ ಇದನ್ನು 7 ಗುಂಪು ಮಾಡಿದೆ. ಒಂದೊಂದರಲ್ಲಿ 10 ಹೇಳಿಕೆ, ಒಟ್ಟು 70. ನಮ್ಮ ಮಕ್ಕಳ ಮುಂದೆ 70 ಹೇಳಿಕೆ ಇಟ್ಟರೆ ಅರ್ಧದ ನಂತರ ಸುಮ್ನೆ ಗೀಚುತ್ತಾರೆ. ಪಾಠದ ಖುಷಿ, ಬಿಡುವಿನ ಆಸಕ್ತಿ, ಮುಂದಿನ ಓದು ಮತ್ತು ಕೆಲಸ, ಈ ಮೂರು ಗುಂಪು ಸಾಕು. ತಲಾ 8 ಹೇಳಿಕೆ ಬರೆದುಕೊಳ್ಳಿ. ‘ಸಾಕ್ಷಿ ಕೇಳದೆ ನಂಬುವುದಿಲ್ಲ’ ಅನ್ನುವಂಥ ವೈಜ್ಞಾನಿಕ ಮನೋಭಾವವನ್ನು ಇದರ ಜೊತೆ ಬೆರೆಸಬೇಡಿ. ಅದು ಯೋಚಿಸುವ ರೀತಿ, ಇಷ್ಟದ ವಿಷಯವಲ್ಲ.

ಹೇಳಿಕೆ ಬರೆಯುವುದೇ ನಿಜವಾದ ಕೆಲಸ

ಸಮಯ ಜಾಸ್ತಿ ಹೋಗಬೇಕಾದ್ದು ಇಲ್ಲಿ. ‘ದೇಶದ ಪ್ರಗತಿಗೆ ವಿಜ್ಞಾನ ಬೇಕು’ ಎಂದು ಬರೆದರೆ ಕ್ಲಾಸಿಗೆ ಕ್ಲಾಸೇ ಒಪ್ಪುತ್ತದೆ. ಎಲ್ಲರೂ ಒಪ್ಪುವ ಹೇಳಿಕೆಯಿಂದ ಯಾರಿಗೆ ಒಲವಿದೆ, ಯಾರಿಗಿಲ್ಲ ಅಂತ ಗೊತ್ತಾಗುವುದಿಲ್ಲ. ‘ಗಣಿತ ಮತ್ತು ವಿಜ್ಞಾನ ನನಗೆ ಇಷ್ಟ’ ಎಂದರೆ ಗಣಿತ ಕಂಡರೆ ಆಗದ ಹುಡುಗಿ ಎಲ್ಲಿ ಟಿಕ್ ಹಾಕಬೇಕು? ಒಂದು ಹೇಳಿಕೆಯಲ್ಲಿ ಒಂದೇ ಮಾತಿರಲಿ. ‘ವಿಜ್ಞಾನ ನನಗೆ ಇಷ್ಟವಿಲ್ಲದೇ ಇಲ್ಲ’ ಎನ್ನುವಂಥದ್ದಂತೂ ದೊಡ್ಡವರಿಗೂ ಗೊಂದಲ.

ಹಾಗಾದರೆ ಹೇಗೆ ಬರೆಯುವುದು? ಮಗು ಮಾಡುವ ಕೆಲಸಕ್ಕೆ, ಅದಕ್ಕೆ ಅನ್ನಿಸುವುದಕ್ಕೆ ಹತ್ತಿರವಾಗಿ ಬರೆಯಿರಿ. ‘ಲಾಲ್‌ಬಾಗ್‌ಗೆ ಹೋದಾಗ ಮರದ ಮೇಲಿನ ಹೆಸರಿನ ಬೋರ್ಡ್ ಓದುತ್ತೇನೆ.’ ‘ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದರೂ ಗ್ರಹಣದ ಬಗ್ಗೆ ತಿಳಿಯಬೇಕು ಅನ್ನಿಸುತ್ತದೆ.’ ‘ವಿಜ್ಞಾನದ ಮಿಸ್ ರಜೆ ಹಾಕಿದರೆ ನನಗೆ ಖುಷಿ.’ ಕೊನೆಯದು ಬೇಕೆಂದೇ ಉಲ್ಟಾ ಬರೆದದ್ದು. ಪ್ರತಿ ಗುಂಪಿನಲ್ಲೂ ಇಂಥ ಮೂರ್ನಾಲ್ಕು ಇರಬೇಕು. ಓದದೆ ಒಂದೇ ಸಾಲಿನಲ್ಲಿ ಟಿಕ್ ಹಾಕುತ್ತಾ ಹೋದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಬೆಂಗಳೂರಿನವರು ಜಾರುವ ಜಾಗ ಇನ್ನೊಂದಿದೆ. ‘ನಾನು ಆಗಾಗ ಪ್ಲಾನೆಟೇರಿಯಂಗೆ ಹೋಗುತ್ತೇನೆ’ ಎಂಬ ಹೇಳಿಕೆ ಅಳೆಯುವುದು ಮಗುವಿನ ಒಲವನ್ನಲ್ಲ, ಅಪ್ಪ ಅಮ್ಮನ ಬಿಡುವು, ಜೇಬು ಮತ್ತು ಟ್ರಾಫಿಕ್ಕನ್ನು. ವಸಂತನಗರದ ಮಗುವಿಗೆ ಅದು ಪಕ್ಕದಲ್ಲೇ ಇದೆ, ಆನೇಕಲ್ ಮಗುವಿಗೆ ಅದು ಅರ್ಧ ದಿನದ ಪ್ರಯಾಣ. ‘ಕರೆದುಕೊಂಡು ಹೋಗುವವರಿದ್ದರೆ’ ಎಂದು ಸೇರಿಸಿ ಬರೆದರೆ ಇಬ್ಬರಿಗೂ ನ್ಯಾಯ.

ಉತ್ತರಕ್ಕೆ ಐದು ಕಾಲಂ: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲು ಆಗುತ್ತಿಲ್ಲ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ತೋರಿಸಿಕೊಟ್ಟ ಪದ್ಧತಿ ಇದು. ಹಾಳೆ ಜೆರಾಕ್ಸ್ ಮಾಡಿಸುವ ಮೊದಲು ಬೇರೆ ಸೆಕ್ಷನ್ನಿನ ಐದಾರು ಮಕ್ಕಳಿಗೆ ಕೊಟ್ಟು, ಪ್ರತಿ ಹೇಳಿಕೆಗೂ ‘ಇದರಲ್ಲಿ ಏನು ಕೇಳಿದ್ದಾರೆ, ಹೇಳು’ ಅನ್ನಿ. ಅವರು ತಡವರಿಸಿದ ಕಡೆ ಮತ್ತೆ ಬರೆಯಿರಿ.

ಹಾಳೆ ಹಂಚುವ ದಿನ

ಹೆಡ್‌ಮಾಸ್ಟರ ಅನುಮತಿ, ಪೋಷಕರಿಗೊಂದು ಚೀಟಿ ಮೊದಲೇ ಆಗಿರಲಿ. ಬೇಡ ಅನ್ನುವ ಮಗುವನ್ನು ಒತ್ತಾಯಿಸಬೇಡಿ. ಟೆಸ್ಟ್ ಇರುವ ವಾರ ಬೇಡ. ಲ್ಯಾಬ್‌ನಲ್ಲಿ ಏನೋ ಉರಿಸಿ ತೋರಿಸಿದ ಮರುಗಳಿಗೆಯೂ ಬೇಡ. ಹಾಳೆ ಹಂಚುವವರು ವಿಜ್ಞಾನದವರಾಗಿರಬಾರದು. ಪಿ.ಟಿ. ಮೇಷ್ಟ್ರನ್ನು ಕೇಳಿಕೊಳ್ಳಿ. ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ನಮ್ಮಲ್ಲಿ ತುಂಬಾ. ಹಾಗಾಗಿ ಪ್ರತಿ ಹೇಳಿಕೆಯನ್ನೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು.

ಹೆಸರು ಬರೆಸಬೇಡಿ. ಮುಂದೆ ಇನ್ನೊಮ್ಮೆ ಅಳೆದು ಹೋಲಿಸುವುದಿದ್ದರೆ ಒಂದು ಗುಟ್ಟಿನ ಗುರುತು ಬೇಕಾಗುತ್ತದೆ. ಹುಟ್ಟಿದ ತಾರೀಖು, ಅಮ್ಮನ ಹೆಸರು ಬೇಡ. ಅವೆರಡೂ ದಾಖಲಾತಿ ಪುಸ್ತಕದಲ್ಲಿರುತ್ತವೆ, ಏಳನೇ ಕ್ಲಾಸಿನ ಹುಡುಗನಿಗೂ ಅದು ಗೊತ್ತು. ಅಮ್ಮನ ಅಮ್ಮನ ಹೆಸರಿನ ಮೊದಲ ಎರಡಕ್ಷರ, ಅವರ ಊರಿನ ಮೊದಲಕ್ಷರ ಬರೆಸಿದರೆ ಸಾಕು.

ಅಂಕ ಕೊಡುವುದು

‘ಪೂರ್ತಿ ಒಪ್ಪುತ್ತೇನೆ’ಗೆ 5, ಹಾಗೇ ಇಳಿಯುತ್ತಾ ‘ಸ್ವಲ್ಪವೂ ಒಪ್ಪುವುದಿಲ್ಲ’ಕ್ಕೆ 1. ಉಲ್ಟಾ ಹೇಳಿಕೆಗಳಲ್ಲಿ ಬಂದ ಅಂಕವನ್ನು 6ರಿಂದ ಕಳೆಯಿರಿ. ಮಿಸ್ ರಜೆ ಹಾಕಿದರೆ ಖುಷಿ ಎಂಬುದಕ್ಕೆ 4 ಬಂದರೆ ಅದು 2 ಆಗುತ್ತದೆ. ಇದನ್ನು ಮರೆತರೆ ಮುಂದಿನದ್ದೆಲ್ಲ ತಪ್ಪು.

ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಲೀ ಕ್ರೊನ್‌ಬಾಕ್ 1951ರಲ್ಲಿ ವಿವರಿಸಿದ ‘ಆಲ್ಫಾ’ ಇದೆ. ಒಂದು ಗುಂಪಿನ ಪ್ರತಿ ಹೇಳಿಕೆಯ ವೇರಿಯನ್ಸ್ (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆದು ಕೂಡಿಸಿ. ಅದನ್ನು ಆ ಗುಂಪಿನಲ್ಲಿ ಮಕ್ಕಳ ಒಟ್ಟು ಅಂಕಗಳ ವೇರಿಯನ್ಸ್‌ನಿಂದ ಭಾಗಿಸಿ, 1ರಿಂದ ಕಳೆಯಿರಿ. 8 ಹೇಳಿಕೆ ಇದ್ದರೆ ಆ ಉತ್ತರವನ್ನು 8/7ರಿಂದ ಗುಣಿಸಿ. ಕೂಡಿಸಿದ್ದು 9, ಒಟ್ಟಿನದು 30 ಆದರೆ ಆಲ್ಫಾ 0.8. ಸಾಮಾನ್ಯವಾಗಿ 0.7 ದಾಟಿದರೆ ಪರವಾಗಿಲ್ಲ ಅನ್ನುತ್ತಾರೆ. ಮೂರು ಗುಂಪಿಗೂ ಬೇರೆ ಬೇರೆಯಾಗಿ ಲೆಕ್ಕ ಮಾಡಿ. ಗುಂಪುಗಳ ಅಂಕವನ್ನು ಕೂಡಿಸಿ ಒಂದೇ ಮೊತ್ತ ಮಾಡಲೂಬೇಡಿ.

ಸರಾಸರಿಯೊಂದನ್ನೇ ನಂಬಬೇಡಿ. 40 ಮಕ್ಕಳೂ 3 ಹಾಕಿದರೆ ಸರಾಸರಿ 3. ಇಪ್ಪತ್ತು ಮಂದಿ 5, ಇಪ್ಪತ್ತು ಮಂದಿ 1 ಹಾಕಿದರೂ ಅದೇ 3. ಮೊದಲನೆಯದು ಬೇಸತ್ತ ಕ್ಲಾಸು, ಎರಡನೆಯದು ಎರಡು ಹೋಳಾದ ಕ್ಲಾಸು. ಎಷ್ಟು ಮಕ್ಕಳು ಯಾವ ಕಾಲಂನಲ್ಲಿದ್ದಾರೆ ಎಂದು ಎಣಿಸಿ ನೋಡಿ.

ಚಿತ್ರವನ್ನೂ ಕೇಳಿ

ಟಿಕ್ ಹೇಳದ್ದನ್ನು ಪೆನ್ಸಿಲ್ ಹೇಳುವುದುಂಟು. ‘ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ’ ಅನ್ನಿ, ಅಷ್ಟೇ. ಡೇವಿಡ್ ವೇಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳ ಚಿತ್ರಗಳಿದ್ದವು. ಮಹಿಳಾ ವಿಜ್ಞಾನಿ ಇದ್ದದ್ದು 28ರಲ್ಲಿ ಮಾತ್ರ, ಅವನ್ನು ಬರೆದವರೆಲ್ಲ ಹುಡುಗಿಯರೇ. ಮಂಗಳಯಾನ 2014ರ ಸೆಪ್ಟೆಂಬರ್‌ನಲ್ಲಿ ಗುರಿ ಮುಟ್ಟಿದಾಗ ಸೀರೆ ಉಟ್ಟು, ಹೂ ಮುಡಿದು ಸಂಭ್ರಮಿಸಿದ ಇಸ್ರೊ ಮಹಿಳೆಯರ ಫೋಟೊ ತೆಗೆದದ್ದು ಇದೇ ಬೆಂಗಳೂರಿನಲ್ಲಿ. ನಿಮ್ಮ ಮಕ್ಕಳ ಹಾಳೆಯಲ್ಲಿ ಅವರು ಬಂದಿದ್ದಾರೋ ಇಲ್ಲ ಗಡ್ಡ, ಕನ್ನಡಕ, ಬಿಳಿ ಕೋಟೇ ಇದೆಯೋ ನೋಡಿ.

ಮೊದಲು, ಆಮೇಲೆ

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದೊಯ್ದರೆ ಒಲವು ಹೆಚ್ಚುತ್ತದೆಯೇ ಎಂದು ಪರೀಕ್ಷಿಸಬೇಕೆನ್ನಿ. ಹೋಗುವ ವಾರದ ಮೊದಲು ಒಮ್ಮೆ ಅಳೆಯಿರಿ. ವಾಪಸ್ ಬರುವ ಬಸ್ಸಿನಲ್ಲೇ ಹಾಳೆ ಕೊಡಬೇಡಿ. ಆಗ ಸಿಗುವುದು ಪ್ರವಾಸದ ಖುಷಿ, ವಿಜ್ಞಾನದ್ದಲ್ಲ. ಎರಡು ವಾರ ಬಿಟ್ಟು ಅದೇ ಹಾಳೆ ಕೊಡಿ, ಎರಡು ತಿಂಗಳಾದ ಮೇಲೆ ಇನ್ನೊಮ್ಮೆ. ಇನ್ನೂ ಹೋಗದ ಪಕ್ಕದ ಸೆಕ್ಷನ್ನಿಗೂ ಅದೇ ದಿನಗಳಲ್ಲಿ ಕೊಟ್ಟರೆ, ಏರಿದ್ದು ಮ್ಯೂಸಿಯಂನಿಂದಲೋ ಬೇರೆ ಕಾರಣದಿಂದಲೋ ಎಂದು ಹೇಳಲು ಆಧಾರ ಸಿಗುತ್ತದೆ. ಮೂರೂ ಸಲದ ಅಳತೆ ಮುಗಿದ ಮೇಲೆ ಆ ಸೆಕ್ಷನ್ನನ್ನೂ ಮ್ಯೂಸಿಯಂಗೆ ಕರೆದುಕೊಂಡು ಹೋಗಿ.